ತಿರುವಿನಲ್ಲಿ ನಿಂತ ಡ್ರಿಲ್ ಸರ್

ಆ ಬೆಳಗೂ ಎಲ್ಲ ಬೆಳಗಿನಂತೆಯೇ ಶುರುವಾಗಿತ್ತು. ನಳಕ್ಕೆ ನೀರು ಬಂದಿತ್ತು. ಹಂಡೆ ತುಂಬಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಬಿಟ್ಟು, ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ. ಅತ್ತೆಗೆ ಮೆತ್ತಗಿನದು, ಮೈದುನನಿಗೆ ಅಂಚು ಖಡಕ್ಕಾದದ್ದು. ಮಕ್ಕಳನ್ನು ಶಾಲೆಗೆ ಕಳಿಸಿ, ಚಹಾದ ಕಪ್ಪು ಹಿಡಿದು ಪಡಸಾಲೆಯ ಕಿಟಕಿಗೆ ಬಂದಾಗ ಬೀದಿಯಲ್ಲಿ ಇನ್ನೂ ಮಂಜಿತ್ತು. ಜನವರಿಯ ಕೊನೆಯ ದಿನ. ಅಫಜಲಪುರದಲ್ಲಿ ಆಗ ಭೀಮೆಯ ಕಡೆಯಿಂದ ತೆಳ್ಳನೆಯ ಮಂಜು ಬರುತ್ತದೆ. ತೊಗರಿ ರಾಶಿಯ ಧೂಳು ಅದರಲ್ಲಿ ಬೆರೆತು, ಬೀದಿಗೆ ಬೀದಿಯೇ ಯಾರೋ ಅರ್ಧ ಅಳಿಸಿದ ಚಿತ್ರದ ಹಾಗೆ ಕಾಣುತ್ತದೆ.

ಎದುರುಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು ಒಣಗುತ್ತಿತ್ತು. ಹಿಮ್ಮಡಿ ಮಂಜಿನೊಳಗಿನ ಎಳೆಬಿಸಿಲಿಗೆ, ಮೂತಿ ನೆರಳಿಗೆ. ಶನಿವಾರದ ಡ್ರಿಲ್ಲಿಗೆಂದು ಪ್ರತಿ ಶುಕ್ರವಾರ ಸಂಜೆ ಅವಕ್ಕೆ ಬಿಳಿ ಪಾಲಿಶ್ ಬೀಳುತ್ತಿತ್ತು. ಅವತ್ತು ಶುಕ್ರವಾರವಲ್ಲ, ಶನಿವಾರವೂ ಅಲ್ಲ. ಅವತ್ತು ನಮ್ಮ ಡ್ರಿಲ್ ಸರ್ ನಿವೃತ್ತಿಯಾಗುವ ದಿನ.

ಅವರು ಈಗ ಇಲ್ಲ. ಹೋದ ತಿಂಗಳು ನೆಲೋಗಿಯಿಂದ ಬಂದ ಬಸ್ಸಿನಲ್ಲಿ ಆ ಸುದ್ದಿಯೂ ಬಂತು. ಕೇಳಿದೊಡನೆ ನನಗೆ ಅವರ ಮುಖ ನೆನಪಾಗಲಿಲ್ಲ. ಬಿಸಿಲಿಗೆ ಹಿಮ್ಮಡಿ ಕೊಟ್ಟು ಕೂತಿದ್ದ ಆ ಬೂಟುಗಳು ನೆನಪಾದವು, ಅವುಗಳ ಹಿಂದೆ ಆ ಇಡೀ ದಿನ.

ಗುಲ್ಬರ್ಗಾದ ಕಾನ್ವೆಂಟಿನಲ್ಲಿ ನಮಗೆ ಡ್ರಿಲ್ ಹೇಳುತ್ತಿದ್ದ ಸಿಸ್ಟರು ಸೀಟಿಯನ್ನು ಜಪಮಾಲೆಗಿಂತ ಹೆಚ್ಚು ಹಿಡಿದವರು. ಹಾಗಾಗಿ ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಎದುರುಮನೆಯಲ್ಲಿ ಇರುವವರು ಹೈಸ್ಕೂಲಿನ ಡ್ರಿಲ್ ಸರ್ ಎಂದಾಗ, ಇನ್ನು ಬೆಳಗ್ಗೆಲ್ಲ ಗದ್ದಲವೇ ಎಂದುಕೊಂಡಿದ್ದೆ. ಅವರ ಧ್ವನಿ ಮೊದಲ ಸಲ ಕೇಳಲು ನನಗೆ ಹದಿನೈದು ದಿನ ಬೇಕಾಯಿತು. ಮದುವೆಯಾಗದ ಮನುಷ್ಯ. ಒಂದು ಕೋಣೆ, ಒಂದು ವರಾಂಡ. ಎರಡು ಹೊತ್ತು ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಊಟ. ಮೊದಲು ಆಳಂದ ತಾಲೂಕಿನ ನರೋಣಾದಲ್ಲಿ ನೌಕರಿ ಮಾಡಿ, ಆಮೇಲೆ ಇಲ್ಲಿಗೆ ಬಂದವರು. ಹುಟ್ಟಿದ್ದು ನಮ್ಮ ಹೊಲಗಳಿರುವ ನದಿ ದಂಡೆಯ ಹಳ್ಳಿಯಲ್ಲೇ. ಆ ಲೆಕ್ಕದಲ್ಲಿ ನಮ್ಮ ಮನೆಗೆ ಹಳಬರು. ನನ್ನನ್ನು ತಂಗೆವ್ವ ಎನ್ನುತ್ತಿದ್ದರು, ಅತ್ತೆಯನ್ನು ಅವ್ವಾರ.

ಅವರಿಗೆ ಒಂದು ಚಾಳಿಯಿತ್ತು. ಓಣಿ ತಿರುಗುವಲ್ಲಿ ಒಂದು ಗಳಿಗೆ ನಿಲ್ಲುವರು. ಆ ಕಡೆಯಿಂದ ಕೊಡ ಹೊತ್ತವಳು ಬರುತ್ತಿದ್ದರೆ, ಈ ಕಡೆಯಿಂದ ಬರುವ ಸೈಕಲ್ಲಿನವನಿಗೆ ಕೈ ಎತ್ತಿ ತೋರಿಸುವರು. ಅಂಗೈ ಕೆಳಗೆ ಮಾಡಿ, ಮಗುವಿನ ಬೆನ್ನು ತಟ್ಟುವ ಹಾಗೆ: ಸಾವಕಾಶ, ಸಾವಕಾಶ. ಕೊಡದವಳು ಹೋದ ಮೇಲೆ ತಾವು ಹೋಗುವರು. ಅವರನ್ನು ನೋಡಿ ನೋಡಿ ನಮ್ಮ ಓಣಿಯ ಎಮ್ಮೆಗಳೂ ತಿರುವಿನಲ್ಲಿ ನಿಂತು ಹೋಗುತ್ತಿದ್ದವು ಎಂದು ನನ್ನ ಗಂಡ ನಗುತ್ತಿದ್ದರು.

ಆ ದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಂತೆ ಹೆಡ್ಮಾಸ್ತರರು ಬಂದರು. ಮೈದುನ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ. ಅವರು ಕೂಡಲಿಲ್ಲ; ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತ ನಿಂತರು.

"ಸಂಜಿಗಿ ಸರ್‌ದು ಕಾರ್ಯಕ್ರಮ ಅದ್ರಿ. ಮುಗದ ಮ್ಯಾಲ ಹುಡುಗರು ಅವರನ್ನ ಗಾಡ್ಯಾಗ ಕೂಡಿಸಿ ಮನಿತನಕ ತರಬೇಕು ಅಂತಾರ. ಬ್ಯಾರೆ ಯಾರನ್ನ ಕೇಳಾಮು? ನಿಮ್ಮ ಗಾಡಿ..."

"ಗಾಡಿ ಅದಲ್ರಿ, ಒಯ್ರಿ," ಎಂದ ಮೈದುನ, ಪೇಪರಿನಿಂದ ಕಣ್ಣೆತ್ತದೆ.

"ನೀವು ಹೊಡೀತೀರೇನ್ರಿ?"

"ಮಿಲ್ಲಿನ್ಯಾಗ ಡ್ರೈವರ್ ಅದಾನ. ಕಳಸ್ತೀನಿ."

ಹೆಡ್ಮಾಸ್ತರರು ಹೋದರು. ನಾನು ಅವನ ಕಪ್ಪು ತೆಗೆದುಕೊಳ್ಳಲು ಹೋದಾಗ ಕಂಡೆ, ಅವನು ಓದುತ್ತಿದ್ದದ್ದು ಜಾಹೀರಾತಿನ ಪುಟ.

"ನಾಳಿ ನೆಲೋಗಿಗಿ ಹೊಂಟಾರ ಅವರು," ಅಂದೆ. "ತಂಗಿ ಮನಿಗಿ. ಮತ್ತ ಈ ಕಡಿ ಬರಂಗಿಲ್ಲಂತ. ಕೋಲಿ ಖಾಲಿ ಮಾಡ್ಯಾರ."

"ಹೋಗ್ಲಿ ಬಿಡ್ರಿ ವೈನಿ," ಅಂದ. ಅವನ ಹೆಬ್ಬೆರಳು ಕಪ್ಪಿನ ಅಂಚಿನ ಮೇಲೆ ಸುತ್ತುತ್ತಲೇ ಇತ್ತು.

ಹತ್ತು ವರ್ಷಕ್ಕೆ ಬಂದಿತ್ತು ಅವರಿಬ್ಬರೂ ಮಾತು ಬಿಟ್ಟು. ಎದುರುಬದುರು ಬಾಗಿಲು. ಇದಕ್ಕೆ ಕಾರಣ ಹೊಲವಲ್ಲ, ಗೋಡೆಯಲ್ಲ, ಹೆಣ್ಣು ಕೊಡುವ ತರುವ ವಿಷಯವೂ ಅಲ್ಲ. ಹೇಳಿದರೆ ನಮ್ಮ ಕಡೆಯವರೇ ನಂಬಲಿಕ್ಕಿಲ್ಲ: ಕಾರ್ ರೇಸು.

ನನ್ನ ಮೈದುನ ಸಣ್ಣಂದಿನಿಂದಲೂ ಓಡುವುದೆಲ್ಲದರ ಹಿಂದೆ ಬಿದ್ದವನು. ಪೂನಾದಲ್ಲಿ ಓದುವಾಗ ಯಾರದೋ ಜೊತೆಯಲ್ಲಿ ಓಟದ ಗಾಡಿಗಳನ್ನು ನೋಡಿ ಬಂದ. ಅಲ್ಲಿಗೆ ಓದು ಮುಗಿಯಿತು. ಎಂಬತ್ತರ ದಶಕದ ನಡುವೆ ಇರಬೇಕು, ಒಂದು ಹಳೆಯ ಪದ್ಮಿನಿ ಕಾರು ಕೊಂಡು, ರಾಷ್ಟ್ರೀಯ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್ಪಿಗೆ ಇಳಿಯುತ್ತೇನೆ ಎಂದ. ಟೂರಿಂಗ್ ಎಂದರೆ ನಾನು ಕಾಶಿ ರಾಮೇಶ್ವರ ಎಂದುಕೊಂಡಿದ್ದೆ. ಹಾಗಲ್ಲವಂತೆ. ನಾವು ನೀವು ಮದುವೆಗೆ, ಆಸ್ಪತ್ರೆಗೆ ಹೋಗುವ ಮಾಮೂಲಿ ಕಾರನ್ನೇ ಹಗುರ ಮಾಡಿ, ಎಂಜಿನ್ನಿಗೆ ಬಲ ತುಂಬಿ, ಓಟಕ್ಕೆ ಬಿಡುವುದು. ಒಂದು ಹಂಗಾಮಿನಲ್ಲಿ ಅಲ್ಲೊಂದು ಇಲ್ಲೊಂದು ಊರಿನಲ್ಲಿ ಓಟಗಳು. ಎಲ್ಲದರ ಅಂಕ ಕೂಡಿಸಿ ಕೊನೆಗೆ ಒಬ್ಬ ಚಾಂಪಿಯನ್.

ಹಗುರ ಮಾಡಲು ಮೊದಲು ಹೋದದ್ದು ಹಿಂದಿನ ಸೀಟು. ಅದನ್ನು ಬಿಚ್ಚಿ ತಂದು ಪಡಸಾಲೆಯಲ್ಲಿ ಗೋಡೆಗೆ ಹಾಕಿದ. ಅತ್ತೆ ಅದರ ಮೇಲೆ ಒಂದು ಕೌದಿ ಹಾಸಿ, ಕೂತು ನೋಡಿ, ಸುಖವಾಗಿದೆ ಎನಿಸಿದರೂ ಬೈದರು.

"ಮಂದಿ ಕೂಡೋ ಗಾಡ್ಯಾಗಿಂದ ಸೀಟು ಕಿತ್ತೀದಿ. ಇನ್ನ ನಿನಗ ಹೆಣ್ಣು ಯಾರು ಕೊಡಬೇಕೋ? ಬಂದಾಕಿಗಿ ಎಲ್ಲಿ ಕೂಡಸ್ತಿ, ಟಪ್ಪಿನ ಮ್ಯಾಲೇನು?"

ಅವನು ಒಬ್ಬನೇ ಹೋಗುವುದು ಬೇಡ, ಯಾರಾದರೂ ತಿಳಿದವರು ಸಂಗಾಟ ಇರಲಿ ಎಂದು ಮಾವನವರು ಡ್ರಿಲ್ ಸರ್ ಅವರನ್ನು ಕೇಳಿದರು. ಅವರು ರಜೆ ಹಾಕಿ ಹೊರಟರು. ಮೊದಲ ಸಲ ಬರಿಯ ಜೊತೆಗೆ ಹೋದವರು, ಎರಡನೆಯ ಸಲಕ್ಕೆ ಅಲ್ಲಿಯವರಲ್ಲೇ ಒಬ್ಬರಾದರು. ಓಟದ ದಾರಿಯ ಒಂದೊಂದು ತಿರುವಿಗೂ ಬಾವುಟ ಹಿಡಿದು ನಿಲ್ಲುವ ಜನ ಬೇಕಂತೆ, ಸಂಬಳವಿಲ್ಲದ ಕೆಲಸ. ನೆಟ್ಟಗೆ ನಿಲ್ಲಬಲ್ಲ, ಬಿಸಿಲು ತಾಳಬಲ್ಲ, ಸೀಟಿ ಊದಬಲ್ಲ ಮನುಷ್ಯ ಸಿಕ್ಕಿದರೆ ಯಾರು ಬಿಡುತ್ತಾರೆ? ಒಂದು ವಾರ ಕಲಿಸಿ ಅವರ ಕೈಗೆ ಬಾವುಟ ಕೊಟ್ಟರು. ಹಳದಿ ಬಾವುಟ ಬೀಸಿದರೆ, ಮುಂದೆ ಅಪಾಯವಿದೆ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ. ಅಷ್ಟೇ ಅದರ ಮಾತು.

ಊರಿಗೆ ಬಂದ ಮೇಲೆ ಅಭ್ಯಾಸಕ್ಕೆಂದು ನನ್ನ ಹತ್ತಿರ ಒಂದು ಹಳದಿ ಬಟ್ಟೆ ಹೊಲಿಸಿಕೊಂಡರು. "ಅಂಚು ಎರಡು ಸಲ ಮಡಚು ತಂಗೆವ್ವ. ಗಾಳಿಗಿ ಎಳಿ ಬಿಡಬಾರದು." ಕಾನ್ವೆಂಟಿನ ಹೊಲಿಗೆ ನನ್ನದು, ಒಂದು ಎಳೆ ಹೊರಗೆ ಕಾಣದ ಹಾಗೆ ಹೊಲಿದುಕೊಟ್ಟೆ. ಸಂಜೆ ಶಾಲೆಯ ಬಯಲಿನಲ್ಲಿ ಒಬ್ಬರೇ ನಿಂತು ಬೀಸುತ್ತಿದ್ದರು. ಎದುರಿಗೆ ಯಾರೂ ಇಲ್ಲ, ಮುಳುಗುವ ಸೂರ್ಯ ಒಬ್ಬ. ಅವನು ಮಾತ್ರ ಹೇಳಿದ್ದು ಕೇಳಿ ನಿಧಾನವಾಗುತ್ತಿದ್ದ.

ಓಟ ಮುಗಿಸಿ ಬಂದ ರಾತ್ರಿಯ ಊಟ ನಮ್ಮ ಮನೆಯಲ್ಲೇ. ಮೈದುನ ತಾನು ಯಾವ ತಿರುವಿನಲ್ಲಿ ಯಾರನ್ನು ಹಿಂದೆ ಹಾಕಿದೆ ಎಂದು ತಾಟಿನ ಮೇಲೆ ರೊಟ್ಟಿ ಚೂರುಗಳನ್ನು ಓಡಿಸಿ ತೋರಿಸುವನು. ಸರ್ ಆ ಕಿತ್ತ ಸೀಟಿನ ತುದಿಯಲ್ಲಿ, ಯಾರೋ ಇನ್ನೂ ಇಬ್ಬರು ಬಂದು ಕೂಡುವವರಿದ್ದಾರೆ ಎಂಬಂತೆ ಒತ್ತರಿಸಿಕೊಂಡು ಕೂತು, ಚಹಾವನ್ನು ಬಸಿಗೆ ಸುರುವಿ ಆರಿಸಿ ಕುಡಿಯುವರು. ಕೇಳಿದರೆ ಮಾತ್ರ ಹೇಳುವರು.

"ಮದಲ ಸಪ್ಪಳ ಬರ್ತದ್ರಿ ಅವ್ವಾರ. ಎಲ್ಲೋ ಜೇನು ಎದ್ದಂಗ. ಆಮ್ಯಾಲ ಬಿಸಿಲಿನ್ಯಾಗ ದೂರ ನೀರು ಹರದಂಗ ಕಾಣ್ತದಲ್ಲ, ಆ ನೀರಿನ್ಯಾಗಿಂದ ಎದ್ದು ಬರ್ತಾವ ಗಾಡಿ. ನನ್ನ ಮುಂದಿಂದ ಹೊಳ್ಳತಾವ. ಹೋದ್ವು. ಮತ್ತ ಎಲ್ಲಾ ಶಾಂತ. ಅಲ್ಲೇ ಹುಲ್ಲಿನ್ಯಾಗ ಒಂದು ಹಕ್ಕಿ ಬಿಟ್ಟ ಹಾಡು ಮತ್ತ ಚಾಲೂ ಮಾಡ್ತದ."

"ಗೆದ್ದಾಂವ ಯಾರು ಅಂತ ಹೆಂಗ ತಿಳೀತದೋ?" ಅತ್ತೆ ಕೇಳಿದರು.

"ಸಂಜಿಗಿ ಯಾರರೆ ಹೇಳ್ಬೇಕ್ರಿ. ಇಲ್ಲಾಂದ್ರ ಮರುದಿನ ಪೇಪರಿನ್ಯಾಗ."

"ಅಯ್ಯ ಶಿವನೇ! ಅಷ್ಟು ದೂರ ಹೋಗಿ ಏನು ನೋಡಿ ಬಂದ್ಯೋ ಮಾರಾಯಾ?"

"ಒಂದು ತಿರುವು ನೋಡಿ ಬಂದೇನ್ರಿ," ಎಂದು ಅವರು ನಕ್ಕರು.

ನಾನು ಈ ಜನ್ಮದಲ್ಲಿ ಕಾರಿನ ಓಟ ನೋಡಿಲ್ಲ. ಆದರೆ ಮಧ್ಯಾಹ್ನ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಾಗ ಎಷ್ಟೋ ಸಲ ಅದು ಕಣ್ಣಿಗೆ ಕಟ್ಟುತ್ತಿತ್ತು. ಮದರಾಸಿನ ಹೊರಗೆ, ವಿಮಾನಗಳು ಇಳಿಯುವುದು ಬಿಟ್ಟುಹೋದ ಒಂದು ಉದ್ದನೆಯ ಕಾಂಕ್ರೀಟು ದಾರಿ. ಅದರ ಸೀಳುಗಳಲ್ಲಿ ಹುಲ್ಲು. ದಾರಿ ಹೊರಳುವ ಕಡೆ ಬಿಳಿ ಬೂಟಿನ ಒಬ್ಬ ಮನುಷ್ಯ. ಇಲ್ಲದ ನೀರಿನಿಂದ ಎದ್ದು ಬಂದು ಇಲ್ಲದ ನೀರಿನಲ್ಲೇ ಮುಳುಗುವ ಬಣ್ಣಬಣ್ಣದ ಗಾಡಿಗಳು. ಆಮೇಲೆ ಹಕ್ಕಿ. ಬೇಳೆಯಲ್ಲಿ ಹರಳು ಉಳಿದಿದೆ ಎಂದು ಅತ್ತೆ ಗದರಿದಾಗಲೇ ನನಗೆ ಎಚ್ಚರ.

ಆ ಹಂಗಾಮು ಮೈದುನನ ಕೈ ಹಿಡಿಯಿತು. ಒಂದು ಕಡೆ ಎರಡನೆಯವನಾದ, ಒಂದು ಕಡೆ ಮೊದಲಿಗನಾದ. ಮದರಾಸಿನ ಕೊನೆಯ ಓಟಕ್ಕೆ ಹೋಗುವಾಗ ಮುಂಬಯಿಯ ಒಬ್ಬ ಹುಡುಗ, ಇವನು, ಇಬ್ಬರೇ ಉಳಿದಿದ್ದರು. ಇಬ್ಬರಲ್ಲಿ ಮುಂದೆ ಮುಟ್ಟಿದವನು ಚಾಂಪಿಯನ್. ಎಳ್ಳಮವಾಸ್ಯೆಗೆ ಹೊಲಕ್ಕೆ ಹೋದಾಗ, ಹೊಲದ ತುಂಬ ಎಡೆಯ ಚರಗ ಚೆಲ್ಲುತ್ತ ಅತ್ತೆ ಭೂಮಿತಾಯಿಗೆ ಬೆಳೆಯ ಮಾತು ಮರೆತು ಮಗನ ಮಾತನ್ನೇ ಬೇಡಿಕೊಂಡರು. ಭಜ್ಜಿ, ಕಡುಬು ಉಂಡು ಎಲ್ಲರೂ ಜೋಳದ ನೆರಳಿನಲ್ಲಿ ಒರಗಿದಾಗ ಸರ್ ಮಾತ್ರ ಬದುವಿನ ತುದಿಗೆ ಹೋಗಿ ನಿಂತಿದ್ದರು. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಿದ್ದರೋ ಏನೋ.

ಇಲ್ಲಿ ನಮ್ಮ ಕಾರಹುಣ್ಣಿಮೆಯ ಮಾತು ಹೇಳಲೇಬೇಕು. ಅವತ್ತು ಎತ್ತುಗಳಿಗೆ ಬಣ್ಣ ಬಳಿದು ಊರ ಬಾಗಿಲಾದ ಅಗಸಿಯ ಕಡೆಗೆ ಓಡಿಸುತ್ತಾರೆ. ಅಲ್ಲಿ ಅಡ್ಡ ಕಟ್ಟಿದ ಬೇವಿನೆಲೆಯ ಹಗ್ಗವನ್ನು, ಅದಕ್ಕೆ ಕರಿ ಎನ್ನುತ್ತಾರೆ, ಮೊದಲು ಹರಿದ ಎತ್ತಿನ ಮನೆಗೆ ಆ ವರ್ಷದ ಮಾನ. ನಮ್ಮ ಹಳ್ಳಿಯಲ್ಲಿ ದಾರಿ ಹೊರಳುವ ಕಡೆ ಒಬ್ಬೊಬ್ಬ ಗಂಡಸು ನಿಲ್ಲುತ್ತಾನೆ. ತನ್ನವರ ಎತ್ತು ಕಂಡ ಕೂಡಲೇ ಅರಿಶಿನದಲ್ಲಿ ಅದ್ದಿದ ಹೆಗಲ ಬಟ್ಟೆಯನ್ನು, ವಲ್ಲಿಯನ್ನು, ತಲೆಯ ಮೇಲೆ ಬೀಸುತ್ತಾನೆ. ಬಾ, ಹೊಡಿ, ಮುಂದಕ್ಕೆ ಹಾಕು ಎಂದು ಅದರ ಅರ್ಥ. ಸರ್ ಹರೆಯದಲ್ಲಿ ನಮ್ಮ ಮನೆಯ ಎತ್ತುಗಳಿಗಾಗಿ ಎಷ್ಟೋ ವರ್ಷ ಆ ವಲ್ಲಿ ಬೀಸಿದವರು. ಆ ಎತ್ತುಗಳ ಹಿಂದೆ ಓಡಿ ಬರುತ್ತಿದ್ದವನು ನನ್ನ ಮೈದುನ.

ಮದರಾಸಿನಿಂದ ಮಿಲ್ಲಿನ ಫೋನಿಗೆ ಸುದ್ದಿ ಬಂತು: ಗೆದ್ದ. ನನ್ನ ಗಂಡ ಬೀದಿಯುದ್ದಕ್ಕೂ ಕೂಗುತ್ತ ಬಂದರು. ಅತ್ತೆ ಸಕ್ಕರೆ ಹಂಚಿದರು. ಓಟದ ಕಾರು ಹಿಂದಿನಿಂದ ಲಾರಿಯಲ್ಲಿ ಬರುವುದಿತ್ತು; ಅವರಿಬ್ಬರು ಬರುವ ದಿನ ಬಸ್ ಸ್ಟ್ಯಾಂಡಿನಲ್ಲಿ ಹಲಗೆಯವರು ಹಲಗೆ ಕಾಯಿಸಿಕೊಂಡು ನಿಂತರು. ನಾನು ಆರತಿ ತಟ್ಟೆ ಹಿಡಿದಿದ್ದೆ. ಗುಲ್ಬರ್ಗಾ ಬಸ್ಸು ಬಂತು, ಹಲಗೆ ಬಾರಿಸತೊಡಗಿದರು. ಮೈದುನ ಇಳಿದ. ಯಾರ ಮುಖವನ್ನೂ ನೋಡದೆ, ಹಾರ ಹಿಡಿದವರ ಕೈ ಸರಿಸಿ, ಮನೆಯ ಕಡೆ ನಡೆದ. ಹಿಂದೆ ಸರ್, ಎರಡೂ ಕೈಯಲ್ಲಿ ಇಬ್ಬರ ಚೀಲ. ಹಲಗೆ ಒಂದೊಂದಾಗಿ ನಿಂತಿತು. ಎಲ್ಲಕ್ಕಿಂತ ಕೊನೆಗೆ ನಿಂತವನು ಕಿವಿ ಮಂದ ಇದ್ದ ಮುದುಕ.

ನಡೆದದ್ದು ಅಂಗಳದಲ್ಲಿ ತಿಳಿಯಿತು. ಕೊನೆಯ ಸುತ್ತುಗಳಲ್ಲಿ ಸರ್ ನಿಂತ ತಿರುವಿನಲ್ಲಿ ಒಂದು ಗಾಡಿ ಗಿರ್ರನೆ ತಿರುಗಿ ದಾರಿಗೆ ಅಡ್ಡ ನಿಂತುಬಿಟ್ಟಿತು, ಒಳಗೆ ಹುಡುಗ. ಜೊತೆಯಲ್ಲಿದ್ದವರು ಅವನನ್ನು ತೆಗೆಯಲು ಓಡಿದರು. ಸರ್ ಹಳದಿ ಬಾವುಟ ಬೀಸಿದರು. ಮುಂದಿದ್ದ ಮುಂಬಯಿಯವನು ಬಾವುಟ ನೋಡಿ ನಿಧಾನ ಮಾಡಿದ. ಹಿಂದಿದ್ದ ನಮ್ಮವನು ಅವನನ್ನು ದಾಟಿ ಹೋದ, ಅಡ್ಡ ಗಾಡಿಗೆ ಮೊಳದಷ್ಟು ಅಂತರದಲ್ಲಿ. ಗೆದ್ದ. ಫೋನು ಮಾಡಿದ. ಆಮೇಲೆ ಮುಂಬಯಿಯವರು ತಕರಾರು ತೆಗೆದರು. ಉಳಿದವರು ಹುಡುಗನ ಕಡೆ ಓಡಿದ್ದರಿಂದ, ಆ ತಿರುವಿನಲ್ಲಿ ಕಣ್ಣಾರೆ ಕಂಡವರು ಸರ್ ಒಬ್ಬರೇ. ಓಟದ ಹಿರಿಯರು ಕರೆದು ಕೇಳಿದರು: ಬಾವುಟ ಬೀಸುತ್ತಿರುವಾಗ ಯಾರಾದರೂ ದಾಟಿದರೇ? ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಸರ್ ಹೌದು ಎಂದರು. ಯಾರು ಎಂದು ಕೇಳಿದಾಗ ಹೆಸರು ಹೇಳಿದರು.

"ನಿಮ್ಮ ಕೈ ನೋಡೇ ಒತ್ತೀನಿ ನಾ!" ಮೈದುನ ಅಂಗಳದಲ್ಲಿ ನಿಂತು ಕೂಗಿದ. ಅವನು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. "ಕಾರಹುಣ್ವಿಗಿ ಬೀಸಿದಂಗ ಬೀಸಿದ್ರಿ! ತಲಿ ಮ್ಯಾಲ, ಹಂಗಽ! ಬಾ ಅಂದ್ರಿ ನೀವು! ನಾ ಬಂದೆ!"

ಸರ್ ಚೀಲಗಳನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಬೀಸಿರಬಹುದು ತಮ್ಮಾ," ಎಂದರು. "ಕೈ ನಂದು ಒಂದೇ ನೋಡು. ಆದ್ರ ಬಾವುಟ ಹಳದಿ ಇತ್ತು."

"ಹಳದಿನೇ ಇತ್ತಲ್ರೀ ಆ ವಲ್ಲೀನೂ!"

ಸರ್ ಅವನ ಚೀಲವನ್ನು ಕಟ್ಟೆಯ ಮೇಲೆ ಮೆಲ್ಲಗಿಟ್ಟು, ತಮ್ಮದನ್ನು ಹಿಡಿದುಕೊಂಡು, ಬೀದಿ ದಾಟಿ ಹೋದರು. ದಾಟುವ ಮೊದಲು ಎರಡೂ ಕಡೆ ನೋಡಿದರು.

ಊರು ಸುಮ್ಮನಿರುತ್ತದೆಯೇ? "ಹಳದಿ ಸರ್ ಬಂದ್ರು, ಬ್ರೇಕ್ ಹಚ್ರೋ" ಎಂದು ಹೋಟೆಲಿನಲ್ಲಿ ನಗೆ. ನಮ್ಮೂರಿಗೆ ಬರುವ ಮಾನವನ್ನು ಮುಂಬಯಿಗೆ ಕೊಟ್ಟು ಬಂದ ಮನುಷ್ಯ ಎಂದು ಕಟ್ಟೆಗಳ ಮೇಲೆ ಮಾತು. ಮಾವನವರು ಅವರನ್ನು ಊಟಕ್ಕೆ ಕರೆಯಿರಿ ಎಂದು ಮತ್ತೆ ಹೇಳಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿದಾಗ ಅತ್ತೆಯೇ ನನ್ನ ಕಿವಿಯಲ್ಲಿ, "ಹಿತ್ತಲ ಬಾಗಿಲಿಂದ ಒಯ್ದು ಕೊಟ್ಟು ಬಾ ಬೇ. ಅನ್ನಕ್ಕ ಎಂಥಾ ಸಿಟ್ಟು?" ಎನ್ನುವರು. ಹಾಗೆ ಹೋದಾಗ ಒಮ್ಮೆ ಕೇಳಿದೆ.

"ಸರ್, ಇಲ್ಲ ಅಂದಿದ್ರ ಯಾರಿಗಿ ಏನು ಆಗ್ತಿತ್ತು?"

ಅವರು ಹೋಳಿಗೆಯನ್ನು ನಾಲ್ಕಾಗಿ ಮಡಚಿ, ತುಪ್ಪ ಸೋರದ ಹಾಗೆ ತಟ್ಟೆಯನ್ನು ಓರೆಯಾಗಿ ಹಿಡಿದಿದ್ದರು.

"ಆ ಅಡ್ಡ ನಿಂತ ಗಾಡ್ಯಾಗ ಒಬ್ಬ ಹುಡುಗ ಇದ್ದ, ತಂಗೆವ್ವ. ಅವಂಗೂ ಒಂದು ಊರು ಇರ್ತದ. ಅಲ್ಲೂ ಒಬ್ಬಾಕಿ ಆರತಿ ಹಿಡಕೊಂಡು ನಿಂತಿರ್ತಾಳ."

ಆಮೇಲೆ, ನನಗಲ್ಲ, ತಟ್ಟೆಗೆ ಹೇಳುವ ಹಾಗೆ ಅಂದರು: "ನನ್ನ ತ್ರಾಸು ಅದಲ್ಲ. ನಾ ಯಾವ ಬೀಸೋದು ಬೀಸ್ದೆ ಅನ್ನೋದು ನನಗಽ ತಿಳೀವಲ್ದು. ನಮ್ಮ ಹುಡುಗನ ಗಾಡಿ ಅಂತ ನನಗ ಗೊತ್ತಾಗೋದ್ರಾಗ ಕೈಗಿ ಗೊತ್ತಾಗಿತ್ತು."

ಆ ಪಾಲಿನ ತಪ್ಪು ತಮ್ಮದಿದ್ದೀತು ಎಂದು ಅವರು ಮೈದುನನಿಗೆ ಹೇಳಬೇಕೆಂದಿದ್ದರು. ಒಂದು ಸಲ ನಮ್ಮ ಹೊಸ್ತಿಲತನಕ ಬಂದಿದ್ದರು ಕೂಡ. ಇವನು ಎದ್ದು ಒಳಗೆ ಹೋದ. ಆಮೇಲೆ ಅವರು ಬರಲಿಲ್ಲ. ಬೀಸುವುದನ್ನೇ ಬಿಟ್ಟರು. ಓಟಗಳಿಗೆ ಹೋಗುವುದು ನಿಂತಿತು. ಶಾಲೆಯ ಆಟೋಟಕ್ಕೆ ಸೀಟಿಯೊಂದೇ ಸಾಕೆಂದರು. ಕಾರಹುಣ್ಣಿಮೆಗೆ ಹಳ್ಳಿಗೆ ಹೋದರೂ ತಿರುವಿನಲ್ಲಿ ನಿಲ್ಲದೆ, ಗುಂಪಿನ ಹಿಂದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದಿರುತ್ತಿತ್ತು. ಅದನ್ನು ಹಿಂದಿನಿಂದ ನೋಡಿದವಳು ನಾನು.

ಮೈದುನನೂ ಓಟ ಬಿಟ್ಟ. ದಾಲ್‌ಮಿಲ್ಲು ಹಿಡಿದ, ಮದುವೆಯಾದ, ಬೇರೆ ಕಾರು ಬಂತು. ಒಂದು ಮಾತ್ರ ಹೋಗಲಿಲ್ಲ. ಮುಂದೆ ಒಂದು ಬಂಡಿಯೋ ಬಸ್ಸೋ ಕಂಡರೆ ಅವನ ದವಡೆ ಬಿಗಿಯುತ್ತಿತ್ತು. ಹಾರನ್ನು ಒತ್ತಿ, ಧೂಳೆಬ್ಬಿಸಿ, ಅದನ್ನು ಹಿಂದೆ ಹಾಕಿದ ಮೇಲೆಯೇ ಉಸಿರು. ಗುಲ್ಬರ್ಗಾಕ್ಕೆ ಅವನ ಜೊತೆ ಹೋಗುವಾಗ ನಾನು ಕಣ್ಣು ಮುಚ್ಚಿ ಕಾನ್ವೆಂಟಿನಲ್ಲಿ ಕಲಿತದ್ದು, ಅತ್ತೆ ಕಲಿಸಿದ್ದು, ಎಲ್ಲ ಪ್ರಾರ್ಥನೆಗಳನ್ನೂ ಹೇಳಿಕೊಳ್ಳುತ್ತಿದ್ದೆ.

ಆ ಜನವರಿಯ ದಿನ ಮಧ್ಯಾಹ್ನ ಮೈದುನ ಊಟಕ್ಕೆ ಬರಲಿಲ್ಲ. ಮಿಲ್ಲಿಗೆ ಡಬ್ಬಿ ಕಳಿಸಿದೆ. ಉಣ್ಣದೆ ಮರಳಿ ಬಂತು. ನಾಲ್ಕು ಗಂಟೆಯ ಹೊತ್ತಿಗೆ ಸರ್ ಹೊರಟರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಬೀದಿಯ ನಡುವೆ ಸ್ವಲ್ಪ ನಿಂತು ನಮ್ಮ ಕಟ್ಟೆಯ ಕಡೆ ನೋಡಿದರು. ನಾನು ಕಿಟಕಿಯಲ್ಲಿದ್ದೆ.

"ಬರ್ತೀನಿ ತಂಗೆವ್ವ," ಅಂದರು.

"ಸಂಜಿಗಿ ಊಟ ನಮ್ಮಲ್ಲೇ ಸರ್," ಅಂದೆ. ಮಾವನವರು ತೀರಿಕೊಂಡಿದ್ದರು; ಕರೆಯುವ ಹಕ್ಕು ಈಗ ನನ್ನದಾಗಿತ್ತು. ಅವರು ನಕ್ಕರು, ಹ್ಞೂಂ ಅನ್ನಲಿಲ್ಲ. ಕರೆಯುವುದೇನೋ ಕರೆದೆ. ಎದುರಿಗೆ ಕೂತು ಉಣ್ಣಬೇಕಾದವನು ಮಿಲ್ಲಿನಲ್ಲಿ ಹಟ ಹಿಡಿದು ಕೂತಿದ್ದ. ಬೆಳಗಾದರೆ ನೆಲೋಗಿಯ ಬಸ್ಸು. ಈ ಇಬ್ಬರೂ ಇನ್ನು ಈ ಬೀದಿಯಲ್ಲಿ ಎದುರಾಗುವುದಿಲ್ಲ.

ಬಿಸಿಲು ಇಳಿಯಿತು. ಶಾಲೆಯ ಕಡೆಯಿಂದ ಹುಡುಗರ ಕೂಗು ಕೇಳಿತು, ಚಪ್ಪಾಳೆ ಕೇಳಿತು, ಮತ್ತೆ ಅದು ಅಗಸಿಯ ಕಡೆ ಸರಿದು, ಅಲ್ಲಿ ಚದುರಿ, ಕರಗಿತು. ನಾನು ದೇವರಿಗೆ ದೀಪ ಹಚ್ಚಿ ಕಟ್ಟೆಗೆ ಬಂದೆ. ಬೆಳಗಿನ ಮಂಜೇ ಮತ್ತೆ ಬಂದಿತೇನೋ ಎನ್ನುವ ಹಾಗೆ ದನ ಬರುವ ಹೊತ್ತಿನ ಧೂಳು. ಆ ಧೂಳಿನೊಳಗಿಂದ ಮೊದಲು ಕಂಡವಳು ಪಕ್ಕದ ಮನೆಯ ನೀಲಮ್ಮ, ತಲೆಯ ಮೇಲೆ ಗಿರಣಿಯಿಂದ ತಂದ ಹಿಟ್ಟಿನ ಡಬ್ಬಿ, ಬೀದಿಯ ನಡುಮಧ್ಯದಲ್ಲಿ, ತನ್ನ ಗತ್ತಿನಲ್ಲಿ. ಅವಳ ಹಿಂದೆ ನಮ್ಮ ಕಾರು. ಕಾರು ಬರುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಮೆಲ್ಲಗೆ.

ಮುಂದಿನ ಸೀಟಿನಲ್ಲಿ ಸರ್, ಕೊರಳಲ್ಲಿ ಹಾರ. ಸ್ಟೇರಿಂಗಿನ ಹಿಂದೆ ಇದ್ದವ ಮಿಲ್ಲಿನ ಡ್ರೈವರನಲ್ಲ. ಮೈದುನ.

ಎದುರುಮನೆಯ ಮುಂದೆ ಕಾರು ನಿಂತಿತು. ಅವನು ಇಳಿದು, ಸುತ್ತಿ ಬಂದು, ಬಾಗಿಲು ತೆರೆದ. ಸರ್ ಇಳಿದು ಹಾರ ತೆಗೆದು, ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು. ಅವನು ಅದನ್ನು ಇಸಿದುಕೊಂಡ. ಏನು ಮಾತಾಡಿದರು, ದಾರಿಯಲ್ಲಿ ಮಾತಾಡಿದ್ದರೋ ಇಲ್ಲವೋ, ನನಗೆ ಅಂದೂ ಗೊತ್ತಾಗಲಿಲ್ಲ, ಮುಂದೆಯೂ ನಾನು ಕೇಳಲಿಲ್ಲ. ಅವನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟ. ಇಬ್ಬರೂ ಒಳಗೆ ಹೋದರು. ಖಾಲಿ ಮಾಡಿದ ಕೋಣೆಯಲ್ಲಿ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ, ಕಟ್ಟದೆ ಉಳಿಸಿದ್ದ ಚಹಾದ ಸ್ಟವ್ವಿಗೆ ಪಂಪು ಹೊಡೆಯುವ ಸದ್ದು ಕೇಳಿತು.

ನೀಲಮ್ಮ ಅಷ್ಟರಲ್ಲಿ ನಮ್ಮ ಕಟ್ಟೆಗೆ ಬಂದು, ಡಬ್ಬಿ ಇಳಿಸಿ, ಸಿಂಬಿ ಬಿಚ್ಚಿ ಅದರಿಂದಲೇ ಮುಖದ ಹಿಟ್ಟು ಒರೆಸಿಕೊಂಡಳು.

"ಏನ್ರಿ ವೈನಿ, ನಿಮ್ಮ ಮೈದುನನ ಗಾಡಿ ಕೆಟ್ಟದೇನ್ರಿ?" ಎಂದಳು. "ಅಗಸಿಯಿಂದ ಇಲ್ಲಿತನಕ ನನ್ನ ಹಿಂದಿಂದೇ ಬಂತು ನೋಡ್ರಿ. ದಾರಿ ಬಿಟ್ಟು ಬಾಜೂಕ ನಿಂತ್ರೂ ಮುಂದ ಹೋಗವಲ್ದು. ಹಾರನ್ ಸೈತ ಹೊಡೀಲಿಲ್ಲ."